ನಾನು ಬಿಡದೇ ಇದ್ದ ಅನ್ನ

ನಾನು ಅನ್ನ ಬಿಟ್ಟಿರಲಿಲ್ಲ. ಬಿಟ್ಟಿದ್ದೇನೆ ಎಂದು ವರ್ಷಗಟ್ಟಲೆ ಎಲ್ಲರಿಗೂ ಹೇಳಿಕೊಂಡು ಬಂದೆ — ಅದನ್ನು ನಂಬಿ ವಾಣಿ ಅಕ್ಕ ಅನ್ನ ಬಿಟ್ಟರು.

ವಾಣಿ ಅಕ್ಕ ನನ್ನ ಒಡಹುಟ್ಟಿದವರಲ್ಲ. ಉಡುಪಿಯಿಂದ ನಾನು ಮೆಲ್ಬರ್ನ್‌ಗೆ ಬಂದ ಹೊಸತರಲ್ಲಿ, ಅಲ್ಲಿನ ಕ್ರೇಗಿಬರ್ನ್ ಬಡಾವಣೆಯ ತಮ್ಮ ಮನೆಯಲ್ಲಿ ಒಂದು ರೂಮು ಕೊಟ್ಟು, ಕೆಲಸ ಸಿಗುವವರೆಗೆ ಊಟ ಹಾಕಿದ ಮೈಸೂರಿನವರು. ಚಿಕ್ಕ ಮಕ್ಕಳ ಡೇಕೇರ್‌ನಲ್ಲಿ ಅವರ ಕೆಲಸ. ಮುಂದೆ ನಾನು ಸಿಡ್ನಿ ಸೇರಿದೆ. ಕ್ವೇಕರ್ಸ್ ಹಿಲ್‌ನಲ್ಲಿ ಮನೆ, ನಾರ್ತ್ ಸಿಡ್ನಿಯಲ್ಲಿ ಆಫೀಸು, ದಿನವಿಡೀ ಕುರ್ಚಿ. ಮೈ ಬೆಳೆಯಿತು.

ಮೊದಮೊದಲು ನಿಜವಾಗಿಯೂ ಬಿಟ್ಟಿದ್ದೆ. ಅನ್ನ, ಚಪಾತಿ, ದೋಸೆ ಯಾವುದೂ ಇಲ್ಲ. ಪನೀರು, ಬೆಣ್ಣೆ, ತುಪ್ಪ, ಗೋಡಂಬಿ ಮಾತ್ರ — ಮನಸ್ಸಿಗೆ ಬಂದಷ್ಟು. ಎರಡು ತಿಂಗಳಲ್ಲಿ ಐದು ಕಿಲೋ ಇಳಿಯಿತು. ಎರಡೂ ಊರುಗಳ ಕನ್ನಡ ಹೆಂಗಸರ ವಾಟ್ಸ್ಯಾಪ್ ಗ್ರೂಪಿನಲ್ಲಿ ಫೋಟೋ ಹಾಕಿ, "ಅನ್ನ ಬಿಡಿ, ತುಪ್ಪ ಹಿಡಿಯಿರಿ" ಎಂದು ಬರೆದೆ. ಹೊಗಳಿಕೆಯೋ ಹೊಗಳಿಕೆ.

ಮೂರನೇ ತಿಂಗಳು ತೂಕ ನಿಂತಿತು. ನಾಲ್ಕನೇ ತಿಂಗಳು ಏರಿತು. ಜೊತೆಗೆ ತಲೆಸುತ್ತು, ಸುಸ್ತು, ಮನೆಯವರ ಮೇಲೆಲ್ಲ ಸಿಡುಕು. ಯಾರಿಗೂ ಹೇಳದೆ ಡಯೆಟಿಷಿಯನ್ ಒಬ್ಬರ ಬಳಿಗೆ ಹೋದೆ. ಅನ್ನ ಬಿಟ್ಟು ಉಳಿಸಿದ್ದಕ್ಕಿಂತ ಹೆಚ್ಚನ್ನು ತುಪ್ಪ, ಗೋಡಂಬಿಗಳಲ್ಲಿ ತುಂಬಿಕೊಳ್ಳುತ್ತಿದ್ದೇನೆ ಎಂದು ಆಕೆ ತೋರಿಸಿಕೊಟ್ಟರು. ಊಟಕ್ಕೆ ಒಂದು ಸಣ್ಣ ಬಟ್ಟಲು ಕುಚ್ಚಲಕ್ಕಿ ಅನ್ನ, ಅರ್ಧ ತಟ್ಟೆ ತರಕಾರಿ, ಬೇಳೆ ಇಲ್ಲವೇ ಮೀನು, ಚಮಚದಲ್ಲಿ ಅಳೆದ ಎಣ್ಣೆ — ಇಷ್ಟೇ. ನನ್ನ ಹದಿನಾಲ್ಕು ಕಿಲೋ ಇಳಿದದ್ದು ಹೀಗೆ.

ಗ್ರೂಪಿನಲ್ಲಿ ಮಾತ್ರ ಹಳೆಯ ಮಾತನ್ನೇ ಹೇಳುತ್ತ ಹೋದೆ. ಬಟ್ಟಲು ಅನ್ನ, ಚಮಚ ಎಣ್ಣೆ — ಅದರಲ್ಲಿ ಸಾಹಸವೆಲ್ಲಿತ್ತು? ಯಾರು ಬೆರಗಾಗುತ್ತಿದ್ದರು?

ಅದೇ ಹೊತ್ತಿಗೆ ವಾಣಿ ಅಕ್ಕನ ಮೊಣಕಾಲು ಸವೆದುಹೋಗಿತ್ತು. ಹತ್ತು ಕಿಲೋ ಇಳಿಸಿದರೆ ಆಪರೇಷನ್ ಮಾಡೋಣ ಎಂದಿದ್ದರಂತೆ ಡಾಕ್ಟರು. ಅವರು ಫೋನ್ ಮಾಡಿದ್ದು ನನಗೆ.

"ನೀನ್ ಏನ್ ಮಾಡಿದ್ಯೋ ಅದನ್ನೇ ಹೇಳೇ. ಹಂಗೇ ಮಾಡ್ತೀನಿ."

ಆಗಲಾದರೂ... ನನ್ನ ಎದುರಿಗೇ ಅನ್ನದ ಬಟ್ಟಲಿತ್ತು. "ಅನ್ನ ಮುಟ್ಟಲೇಬೇಡಿ ಅಕ್ಕ" ಎಂದೆ.

ಮೂರು ಸಲ ಆ ಪಥ್ಯ ಹಿಡಿದರು, ಮೂರು ಸಲವೂ ನಡುವೆ ಕೈಬಿಟ್ಟರು. ಸ್ವಲ್ಪ ಇಳಿದದ್ದು ಮತ್ತೆ ಏರಿತು. ಆಪರೇಷನ್ ಮುಂದಕ್ಕೆ ಹೋಯಿತು. ಡೇಕೇರ್ ಕೆಲಸವೂ ಬಿಟ್ಟುಹೋಯಿತು.

ಕ್ರೇಗಿಬರ್ನ್‌ನಲ್ಲಿ ಹೆಂಗಸರ ಕೂಟವೊಂದಕ್ಕೆ ನನ್ನನ್ನು ಮಾತಾಡಲು ಕರೆದರು. ಹೋದೆ. ಮೈಕ್ ಹಿಡಿದು ಅದೇ ಕಥೆ ಹೇಳಿದೆ. ಚಪ್ಪಾಳೆ ಮುಗಿದು ನಾನು ಹಿಂದಿನ ಸಾಲಿನತ್ತ ಹೋದಾಗ ವಾಣಿ ಅಕ್ಕ, ಕೂತಲ್ಲಿಂದಲೇ, ಪಕ್ಕದವರಿಗೆ ಹೇಳುತ್ತಿದ್ದರು: "ಅವಳು ಎಷ್ಟ್ ಚೆನ್ನಾಗಿ ಹೇಳ್ಕೊಟ್ಲು. ನನ್ ನಾಲಿಗೆ ಚಪಲಾನೇ ಜಾಸ್ತಿ ಕಣ್ರೀ. ನನಗೆ ಛಲ ಇಲ್ಲ."

ಅವರ ಪಕ್ಕದಲ್ಲಿ ಕೂತು, ತಗ್ಗಿದ ದನಿಯಲ್ಲಿ, ಎಲ್ಲವನ್ನೂ ಹೇಳಿಬಿಟ್ಟೆ.

ಅವರು ನನ್ನತ್ತ ತಿರುಗಿದರು. "ಹಂಗಾದ್ರೆ... ತಪ್ಪು ನಂದಲ್ವಾ?" ಎಂದು ಕೇಳಿದರು, ಪುಟ್ಟ ಹುಡುಗಿಯ ಹಾಗೆ. ಆಮೇಲೆ ಮುಖ ಕೆಂಪಾಯಿತು. "ಒಂದ್ ವರ್ಷ ಕಣೇ! ಒಂದ್ ವರ್ಷ ನನ್ನನ್ನ ನಾನೇ ಬೈಕೊಂಡಿದೀನಿ. ಹೋಗು. ಆ ಮೈಕ್ ತಗೊಂಡು ಇವರಿಗೂ ಹೇಳು."

ಹೇಳಿದೆ. ಈ ಸಲ ಚಪ್ಪಾಳೆ ಇರಲಿಲ್ಲ. ಒಬ್ಬಿಬ್ಬರು ಎದ್ದು ಹೋದರು. ಆದರೂ — ಅಷ್ಟು ಹಗುರಾಗಿ ನಾನು ಎಂದೂ ಉಸಿರಾಡಿರಲಿಲ್ಲ.

ಮರುದಿನವೇ ವಾಣಿ ಅಕ್ಕ ತಮ್ಮ ಊರಿನ ಡಯೆಟಿಷಿಯನ್‌ಗೆ ಬುಕ್ ಮಾಡಿದರು. ಅನ್ನ ಮತ್ತೆ ತಟ್ಟೆಗೆ ಬಂತು, ಒಂದು ಬಟ್ಟಲು. ತುಪ್ಪ ಒಂದು ಚಮಚಕ್ಕೆ ಇಳಿಯಿತು. ದಿನವೂ ಮಧ್ಯಾಹ್ನ ನನಗೆ ತಟ್ಟೆಯ ಫೋಟೋ ಬರುತ್ತಿತ್ತು. ನಾನೂ ನನ್ನದನ್ನು ಕಳಿಸಬೇಕು, ಅದು ಅವರ ಅಪ್ಪಣೆ. ಒಂದು ದಿನ ಫೋನ್ ತೆಗೆದರೆ ಬರೀ ಕೂಗು: "ಹನ್ನೊಂದು ಕಿಲೋ! ಹನ್ನೊಂದು ಕಣೇ!" ಆಫೀಸಿನ ಲಿಫ್ಟ್‌ನಲ್ಲಿ ಅಪರಿಚಿತರ ನಡುವೆ ನಾನೂ ಕೂಗಿಬಿಟ್ಟೆ. ಆಪರೇಷನ್ ಆಯಿತು. ಕೋಲು ಹಿಡಿದರು, ಬಿಟ್ಟರು. ಮಕ್ಕಳ ನಡುವಿನ ಕೆಲಸಕ್ಕೆ ಮರಳಿದರು.

ಮೊನ್ನೆ ಸಿಡ್ನಿಗೆ ಬಂದಿದ್ದರು. ನನ್ನ ಆಫೀಸಿನ ಹತ್ತಿರದಿಂದಲೇ ಹಾರ್ಬರ್ ಸೇತುವೆಯ ಮೇಲೆ ನಡೆದುಹೋಗಬಹುದು. ಇಬ್ಬರೂ ಹೊರಟೆವು. ಅರ್ಧ ದಾರಿಗೇ ಅವರು ಮುಂದೆ, ನಾನು ಹಿಂದೆ.

ಆ ಒಂದು ವರ್ಷವನ್ನು ನಾನು ಅವರಿಗೆ ವಾಪಸ್ ಕೊಡಲಾರೆ. ನನ್ನ ಬಳಿ ಅದಕ್ಕೆ ಸಮಜಾಯಿಷಿ ಇಲ್ಲ. ಕ್ಷಮಿಸಿದ್ದೇನೆ ಎಂದು ಅವರು ಇವತ್ತಿಗೂ ಹೇಳಿಲ್ಲ. ಹೇಳಿ ಎಂದು ನಾನೂ ಕೇಳುವುದಿಲ್ಲ. ಸೇತುವೆಯ ಆ ತುದಿ ಮುಟ್ಟಿದಾಗ ಅವರು ಸೆರಗಿನಿಂದ ಬೆವರು ಒರೆಸಿಕೊಂಡು, ಬಂದ ದಾರಿಯನ್ನೊಮ್ಮೆ ನೋಡಿ, "ವಾಪಸ್ಸೂ ನಡ್ಕೊಂಡೇ ಹೋಗೋಣ್ವೇನೇ?" ಎಂದರು.

ನಡೆದೆವು.