ಉಪ್ಪುನೀರಿನ ಪಾಲು

ಎಲ್ಲರ ಎದೆಯಲ್ಲೂ ಉಸಿರಾಗಿ ಕೂತ ಕುಂಭಾಶಿಯ ವಿನಾಯಕನಿಗೆ ಮೊದಲು ಕೈಮುಗಿಯುತ್ತೇನೆ.

ಹೃದಯಾಘಾತವಾದವರ ಸೊಂಟದ ಎಲುಬಿನಿಂದ ಮಜ್ಜೆ ತೆಗೆದು, ಅದರ ಆಕರಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ಅವರದೇ ಹೃದಯಕ್ಕೆ ಬಿಟ್ಟು, ಸೋತ ಭಾಗ ಚಿಗುರುವುದೋ ಎಂದು ನೋಡುವ ಪ್ರಯೋಗವೊಂದು ನಮ್ಮ ಆಸ್ಪತ್ರೆಯಲ್ಲಿ ನಡೆಯುತ್ತಿತ್ತು. ನರ್ಸಾದ ನಾನು ಅದನ್ನು ವಿವರಿಸಲು ತ್ರಾಸಿಯ ಮೀನುಗಾರರೊಬ್ಬರ ಮನೆಗೆ ಹೋಗಿದ್ದೆ. ಅವರಿಗೆ ಅಂಗಳ ದಾಟಿದರೂ ಏದುಸಿರು. ಸಂಜೆಯ ಬೆಳಕಿನಲ್ಲಿ, ಕಡಲಿಗೆ ಮುಖಮಾಡಿದ ಅವರ ಜಗಲಿಯೇ ಮೆಲ್ಲಗೆ ತೇಲುತ್ತಿದೆ ಅನಿಸುತ್ತಿತ್ತು.

"ಮಜ್ಜೆ ಎಲ್ಲರಿಂದಲೂ ತೆಗೆಯುತ್ತಾರೆ. ಆದರೆ ಹೃದಯಕ್ಕೆ ಬಿಡುವುದು ಕೆಲವರಿಗೆ ಕೋಶ, ಕೆಲವರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿರುವುದಿಲ್ಲ" ಎಂದೆ.

"ಉಪ್ಪ್‌ನೀರಿಗೆ ಸೊಂಟ ಎಂತಕೆ ಚುಚ್ಚುದ್? ಸಮುದ್ರ ಇಲ್ಲೇ ಇತ್ತಲ್ದಾ!" ಎಂದರು ಅವರು.

ಒಳಗಿನಿಂದ ಹೆಂಡತಿಯ ದನಿ: "ಹ್ವಾಯ್, ಸುಮ್ನೆ ಒಪ್ಕಣಿ. ತೀರ್ಥವೂ ನೀರೇ ಅಲ್ದಾ?"

ನನ್ನ ಮನಸ್ಸು ಆ ಮಾತಿಗೆ ಕರಗಿತು. ನಾನು ಹೌದೆಂದಿದ್ದರೆ ಅವರು ಆಗಲೇ ಒಪ್ಪುತ್ತಿದ್ದರು. ಆದರೆ ದೇವರ ಹೆಸರಲ್ಲಿ ಸೂಜಿಗೆ ಒಪ್ಪಿಸುವುದು ದೇವರಿಗೇ ಮೆಚ್ಚದು.

"ಇದು ತೀರ್ಥ ಅಲ್ಲಮ್ಮ. ಕೋಶವೇ ಸಿಕ್ಕಿದರೂ ಗುಣವಾಗುತ್ತದೆಂದು ನಾನು ಹೇಳಲಾರೆ. ಬೇಡವೆಂದರೂ ಈಗಿನ ಔಷಧ ನಿಲ್ಲುವುದಿಲ್ಲ."

ಗಂಡ ಕಡಲಿನತ್ತ ಕೈ ತೋರಿಸಿದರು. "ಬಲೆ ಬೀಸುಕೆ ಮುಂಚೆ ಮೀನ್ ಇತ್ತ್ ಅಂದೇಳಿ ಕಡಲೂ ಹೇಳುದಿಲ್ಲ ಕಾಣಿ. ಬತ್ತೆ."

ಬಂದರು. ಕೆಲವು ತಿಂಗಳಲ್ಲಿ ಮರಳಿನ ತನಕ ನಡೆಯುವಷ್ಟಾದರು. ಸಿಕ್ಕಿದ್ದು ಕೋಶವೋ ನೀರೋ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಗುಡಿಯಲ್ಲಿ ಕಣ್ಮುಚ್ಚಿ ನಿಂತರೆ, ಬೇಡಬೇಕಾದ್ದೆಲ್ಲ ಮರೆತು ಅದನ್ನೇ ಕೇಳುವವಳು ನಾನು. ಯಾರಿಗೆ ಯಾವುದೆಂದು ಹೇಳಬಾರದೆಂಬ ಪ್ರಯೋಗದ ನಿಯಮವನ್ನು ದೇವರೂ ಮುರಿಯುವುದಿಲ್ಲ.

ಇಷ್ಟು ಹೊತ್ತು ಕೇಳಿದ ನಿಮ್ಮೆಲ್ಲರ ಎದೆಬಡಿತವನ್ನು ಅವನು ಹಿತವಾಗಿಡಲಿ.