ನನ್ನ ಬೈಗುಳವನ್ನು ಕಾಣಿಕೆ ಎಂದವರು

ಕಳೆದ ವಾರ ಶಿವಮೊಗ್ಗದ ಕೋಟೆ ರಸ್ತೆಯ ಬಟ್ಟೆಯಂಗಡಿಯಲ್ಲಿ ಮಾಲೀಕರು ಹಳೆಯ ಶಾಲುಗಳ ಕಟ್ಟು ಬಿಚ್ಚಿದರು. ನುಸಿಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಏನೂ ಕೊಳ್ಳದೆ ಹೊರಬಂದೆ. ನನಗೆ ಅದು ಭದ್ರಾವತಿಯ ನ್ಯೂ ಟೌನ್‌ನ ಒಂದು ಕ್ವಾರ್ಟರ್ಸಿನ ಜಮಖಾನದ ವಾಸನೆ. ಆ ಮನೆಯಲ್ಲಿ ಕೂತು ನಾನು ವರ್ಷಗಟ್ಟಲೆ ಸಿಟ್ಟು ಮಾಡಿಕೊಂಡಿದ್ದೆ.

ಆ ಮನೆಯಾಕೆಯನ್ನು ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು. ನಿವೃತ್ತ ನರ್ಸ್. ನನ್ನ ಹೆಂಡತಿಯ ಕೊನೆಯ ತಿಂಗಳುಗಳಲ್ಲಿ ಗೋಪಾಳದ ನಮ್ಮ ಮನೆಗೆ ಬಂದು ಆರೈಕೆ ಮಾಡಿದವರು. ಅವಳು ತೀರಿಕೊಂಡ ಮೇಲೆ ನೆಂಟರೆಲ್ಲ ಬಂದು, "ಶಿವನ ಪಾದ ಸೇರಿದ್ಲು ಬಿಡಪ್ಪ" ಎಂದು ಹೇಳಿ, ಕಾಫಿ ಕುಡಿದು ಹೋದರು. ತತ್ವಶಾಸ್ತ್ರ ಓದಿದವನು ನಾನು. ನೀವು ನೋಡಿದಿರಾ, ಸೇರಿದ್ದನ್ನು ನೋಡಿದಿರಾ ಎಂದು ದೊಡ್ಡಪ್ಪನ ಮೇಲೆ ರೇಗಿದ ಮೇಲೆ ಅವರೆಲ್ಲ ಬರುವುದನ್ನು ಬಿಟ್ಟರು. ಸಿಸ್ಟರ್ ಬಂದಾಗ ಬಾಗಿಲಲ್ಲೇ ಹೇಳಿದೆ: "ನನಗೋಸ್ಕರ ಪ್ರಾರ್ಥನೆ ಗೀರ್ಥನೆ ಮಾಡ್ಬೇಡಿ."

"ಯಾರು ಮಾಡ್ತಾರೆ ಮಾರಾಯ್ರೇ? ಭಾನುವಾರ ನಮ್ಮನೇಲಿ ನಾಲ್ಕು ಜನ ಸುಮ್ನೆ ಕೂತ್ಕೋತೀವಿ. ಇಲ್ಲಿ ಒಬ್ರೇ ಗೋಡೆಗೆ ಬೈತಾ ಇರೋ ಬದ್ಲು ಅಲ್ಲಿಗೆ ಬನ್ನಿ."

ಅವರು ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ನರ್ಸಿಂಗ್ ಕಲಿಯಲು ಉತ್ತರ ಭಾರತದ ಕಡೆ ಹೋದಾಗ ಆ ಕ್ರೈಸ್ತರ ನಡುವೆ ಬೆಳೆಸಿಕೊಂಡ ನಂಬಿಕೆಯಂತೆ. ಪಾದ್ರಿ ಇಲ್ಲ, ಶಿಲುಬೆ ಇಲ್ಲ, ಹಾಡಿಲ್ಲ. ಒಂದು ಗಂಟೆ ಮೌನ. ಒಳಗಿನಿಂದ ಮಾತು ಒತ್ತಿಬಂದವರು ಎದ್ದು ನಿಂತು ಹೇಳಬಹುದು, ಉಳಿದವರು ಅದಕ್ಕೆ ವಾದ ಹೂಡುವಂತಿಲ್ಲ. ನಾನು ಹೋದದ್ದು ಅವರ ಮೋಸ ಪತ್ತೆ ಮಾಡಲು. ಇವತ್ತಲ್ಲ ನಾಳೆ ಮತಾಂತರದ ಮಾತು ತೆಗೆಯುತ್ತಾರೆ, ಆಗ ನೋಡಿಕೊಳ್ಳುತ್ತೇನೆ ಎಂದು ಕಾದೆ. ಯಾರೂ ತೆಗೆಯಲಿಲ್ಲ. ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು.

ಒಂದು ಭಾನುವಾರ ಎದ್ದು ನಿಂತೆ. "ಇಲ್ಲಿ ಯಾರೂ ಇಲ್ಲ. ಅವಳು ನೋವಲ್ಲಿ ಕೂಗ್ತಿದ್ದಾಗ್ಲೂ ಯಾರೂ ಇರ್ಲಿಲ್ಲ. ಹೀಗೆ ಕಲ್ಲಿನ ಹಾಗೆ ಕೂತು ಯಾರಿಗೆ ಮೋಸ ಮಾಡ್ತಿದೀರಿ?" ಹೀಗೆ ಅಂದೆನೆಂದು ನೆನಪು... ಇಷ್ಟು ಅಚ್ಚುಕಟ್ಟಾಗಿ ಅಂದಿರಲಾರೆ. ಜಗಳಕ್ಕೆ ಕಾದು ನಿಂತೆ. ಫ್ಯಾನ್ ತಿರುಗುತ್ತಿತ್ತು, ಅಷ್ಟೇ.

ಆಮೇಲೆ ಚಹಾ ಕುಡಿಯುವಾಗ, ಕಾರ್ಖಾನೆಯಲ್ಲಿ ಲೇತ್ ನಡೆಸುವ ಟರ್ನರ್ ಆಗಿದ್ದ ಮುದುಕರೊಬ್ಬರು, "ಒಳ್ಳೇದಾಯ್ತು ಸಾರ್, ನಂಗೆ ತೂಕಡಿಕೆ ಬಂದಿತ್ತು" ಎಂದರು. ಸಿಸ್ಟರ್ ಲೋಟ ಕೊಡುತ್ತ, "ಇವತ್ತು ಸಭೆಗೆ ಕಾಣಿಕೆ ನಿಮ್ದು" ಎಂದರು.

"ನಾನು ಬೈದದ್ದು, ಸಿಸ್ಟರ್."

"ಗೊತ್ತು. ನಿಮ್ಮ ಹತ್ರ ಇದ್ದಿದ್ದು ಅದೇ ತಾನೆ?"

ಮತ್ತೆ ದನಿ ತಗ್ಗಿಸಿ, "ನಂಗೂ ಎಷ್ಟೋ ಸಲ ಯಾರೂ ಇಲ್ಲ ಅನ್ಸುತ್ತೆ. ಅದಕ್ಕೇ ನಾನು ಒಬ್ಳೇ ಕೂರಲ್ಲ" ಎಂದರು.

ನಿಜವಾಗಿ ಹಾಗೆಂದರೇ? ಪಕ್ಕದಲ್ಲೇ ಇದ್ದ ಟರ್ನರ್, "ಹಂಗಂದಿದ್ದು ನಾ ಕೇಳಿಲ್ಲ ಸಾರ್" ಎನ್ನುತ್ತಾರೆ. ಆ ಒಂದು ಮಾತನ್ನು ಹಿಡಿದುಕೊಂಡೇ ನಾನು ಆಮೇಲೂ ಭಾನುವಾರಗಳಂದು ಭದ್ರಾವತಿಯ ಬಸ್ ಹತ್ತಿದ್ದು. ನನಗೆ ಬೇಕಾದದ್ದನ್ನು ನಾನೇ ಅವರ ಬಾಯಿಂದ ಆಡಿಸಿದೆನೇನೋ... ಬೇರೆಯವರು ಇಂಥ ಸಾಕ್ಷ್ಯ ತಂದರೆ ಅರೆಕ್ಷಣದಲ್ಲಿ ತಳ್ಳಿಹಾಕುತ್ತಿದ್ದೆ. ಸಿಸ್ಟರನ್ನೇ ಕೇಳಬಹುದಿತ್ತು. ಇಲ್ಲ ಎಂದುಬಿಟ್ಟರೆ ಎಂದು ಕೇಳಲಿಲ್ಲ. ಹೋದ ಬೇಸಗೆಯಲ್ಲಿ ತೀರಿಕೊಂಡರು. ಅದಕ್ಕೂ ನನಗೆ ಅವರ ಮೇಲೆ ಕೋಪವಿದೆ.

ಕ್ವಾರ್ಟರ್ಸಿಗೆ ಬೀಗ ಬಿದ್ದಿದೆ. ಮೊನ್ನೆ ಟರ್ನರ್ ಫೋನ್ ಮಾಡಿದರು: "ಈ ಭಾನುವಾರ ನಿಮ್ಮನೇಲಿ ಕೂರೋಣ್ವಾ ಸಾರ್?"

"ನಾನು ನಿಮ್ಮ ಪಂಥದವನಲ್ಲ. ನಂಗೆ ನಂಬಿಕೆ ಇಲ್ಲ."

"ಅದಿರ್ಲಿ. ಕುರ್ಚಿ ಎಷ್ಟಿವೆ?"

ನಿನ್ನೆ ಮೂವರು ಬಂದರು. ಪಕ್ಕದವರ ಕೈ ಕುಲುಕಿ ಸಭೆ ಮುಗಿಸುವುದು ಅವರ ಪದ್ಧತಿ. ಮೊದಲು ಕೈ ಚಾಚುತ್ತಿದ್ದವರು ಯಾವಾಗಲೂ ಸಿಸ್ಟರ್. ನಿನ್ನೆ ಗಂಟೆ ದಾಟಿತು. ಪಕ್ಕದ ಮನೆಯ ಕುಕ್ಕರ್ ಕೂಗಿ ಸುಮ್ಮನಾಯಿತು. ಯಾರು ಚಾಚಬೇಕೆಂದು ಯಾರಿಗೂ ತಿಳಿಯಲಿಲ್ಲ. ಟರ್ನರ್ ನನ್ನತ್ತ ನೋಡಿದರು. ನಾನು ಕೈ ಕಟ್ಟಿಕೊಂಡೇ ಕೂತೆ. ಮುಗಿಸಲು ನನಗೆ ಮನಸ್ಸಿರಲಿಲ್ಲ.