ಬೂಟಿನೊಳಗೆ ನೀರು ಬಂದ ದಾರಿ

ನೀರು ಸರಬರಾಜು ಕಚೇರಿಯಲ್ಲಿ ಆಕೆಯನ್ನು ಎಲ್ಲರೂ ಕರೆಯುತ್ತಿದ್ದುದು ಕಿವಿಯಕ್ಕ ಎಂದೇ. ನೆಲದಡಿಯ ಕೊಳವೆ ಎಲ್ಲಿ ಸೋರುತ್ತಿದೆ ಎಂದು ಕಿವಿಗೊಟ್ಟು ಪತ್ತೆಹಚ್ಚುವುದು ಅವಳ ಕೆಲಸ. ಸೇರಿದ್ದು ಟೈಪಿಸ್ಟ್ ಆಗಿ. ಒಂದು ದಿನ ಹಳೆಯ ಮೇಸ್ತ್ರಿಯೊಬ್ಬರು ತಮಾಷೆಗೆಂದು ಉದ್ದನೆಯ ಕಬ್ಬಿಣದ ಸರಳನ್ನು ರಸ್ತೆಗೆ ಊರಿ, ಈ ತುದಿಗೆ ಕಿವಿ ಇಡಮ್ಮ ಎಂದಿದ್ದರು.

"ಒಳಗೆ ಯಾರೋ ಪಿಸುಗುಡ್ತಿದ್ದಾರೆ ಸಾರ್," ಎಂದಳು.

ಅಗೆದು ನೋಡಿದರೆ ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕು. ಅಂದಿನಿಂದ ಇಪ್ಪತ್ತೆಂಟು ವರ್ಷ ಅವಳು ಟೈಪ್‌ರೈಟರ್ ಕಡೆ ತಲೆ ಹಾಕಲಿಲ್ಲ. ಸರಳನ್ನು ಬೈಕಿನ ಪಕ್ಕಕ್ಕೆ ಕಟ್ಟಿಕೊಂಡು ಬೀದಿ ಬೀದಿ ಸುತ್ತಿದಳು.

ಇಂಥವಳ ಕಾಲಿಗೇ ನೀರು ನುಗ್ಗಿತು. ಹೋದ ವರ್ಷ ಹತ್ತು ದಿನ ರಜೆ ಹಾಕಿ, ಗಂಡನನ್ನು ಹಿಂದೆ ಕೂರಿಸಿಕೊಂಡು, ದೂರದ ಬೆಟ್ಟಗಳ ನಡುವಿನ ಕಣಿವೆಯನ್ನು ನೋಡಲು ಬೈಕಿನಲ್ಲಿ ಹೊರಟಿದ್ದಳು. ಎರಡನೆಯ ದಿನದ ಮಳೆಗೇ ಬೂಟು ಕೆರೆಯಾಯಿತು. ಕಾಲು ಬಿಳಿಚಿಕೊಂಡು, ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು, ಗೇರು ಹಾಕಿದಾಗಲೆಲ್ಲ ಪ್ರಾಣ ಹೋದಂತಾಗುತ್ತಿತ್ತು. ಬಂದ ದಾರಿಗೆ ಸುಂಕವಿಲ್ಲವೆಂದು ಕಣಿವೆ ನೋಡದೆಯೇ ವಾಪಸಾದರು.

ಬೇರೆಯವರಾಗಿದ್ದರೆ ಆ ಬೂಟನ್ನು ಬೈದು ಎಸೆಯುತ್ತಿದ್ದರು. ಇವಳು ಅಡುಗೆಮನೆಯ ಮೇಜಿನ ಮೇಲೆ ಪೇಪರ್ ಹಾಸಿ, ಚಾಕು ಹಿಡಿದು ಬೂಟನ್ನು ಉದ್ದಕ್ಕೆ ಸೀಳಿದಳು. ನೀರು ಬಂದ ದಾರಿ ತಿಳಿಯದೆ ಅವಳಿಗೆ ಅನ್ನ ಸೇರುವಂತಿರಲಿಲ್ಲ.

ಗಂಡ ದರ್ಜಿ. ಕನ್ನಡಕ ಏರಿಸಿ ಒಂದು ತುಂಡನ್ನು ಬೆಳಕಿಗೆ ಹಿಡಿದ.

"ಇದರಲ್ಲಿ ಪತ್ತೇದಾರಿಕೆ ಏನಿದೆ ಕಣೇ? ಸೂಜಿ ಹೋದ ಕಡೆಯೆಲ್ಲಾ ತೂತೇ. ನೋಡು, ಸಾಲಾಗಿ ಬೆಳಕು ಕಾಣ್ತಿದೆ."

"ಹಾಗಾದ್ರೆ ಹೊಲಿದ ಬೂಟೆಲ್ಲಾ ಸೋರಬೇಕಲ್ರೀ?"

"ಒಳಗೆ ಹೊಲಿಗೆ ಇಲ್ಲದ ಚೀಲ ಏನಾದ್ರೂ ಇದ್ರೆ ಸೋರಲ್ಲ."

ಈ ಒಂದು ಮಾತು ಅವಳ ತಲೆಗೆ ಹುಳ ಬಿಟ್ಟಿತು. ಮಾರನೆಯ ದಿನ ಕೆಲಸದ ನಡುವೆಯೇ ಬೈಕ್ ಸವಾರರ ಬೂಟಿನ ಅಂಗಡಿಗೆ ಹೋದಳು. ಅಂಗಡಿಯವನು ಮೊಣಕಾಲಿನವರೆಗೆ ಬರುವ, ಫಳಫಳ ಹೊಳೆಯುವ ಜೋಡಿಯೊಂದನ್ನು ಮುಂದಿಟ್ಟ.

"ಪಕ್ಕಾ ವಾಟರ್‌ಪ್ರೂಫ್ ಮೇಡಂ. ಡಬ್ಬದ ಮೇಲೇ ಬರೆದಿದೆ ನೋಡಿ."

"ನಾನು ಕಾಲಿಗೆ ಹಾಕ್ಕೊಳ್ಳೋದು ಡಬ್ಬ ಅಲ್ಲವಲ್ಲಪ್ಪಾ. ಒಂದು ಬಕೆಟ್ ನೀರು ಸಿಗುತ್ತಾ?"

ಅವನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಗಾಜಿನ ಕಪಾಟಿನಲ್ಲಿ ನೋಡಲೆಂದು ಇಟ್ಟು ಬಿಸಿಲಿಗೆ ಬಣ್ಣ ಮಾಸಿದ್ದ ಎರಡು ಬೂಟುಗಳಿದ್ದವು. ಒಂದು ಆ ಹೊಳೆಯುವ ಬಗೆಯದು, ಇನ್ನೊಂದು ಮೀನಖಂಡದ ಅರ್ಧಕ್ಕೆ ಬರುವ ಸಾದಾ ಬಗೆಯದು. ಅವೆರಡನ್ನೂ ತೆಗೆದುಕೊಂಡು, ನೆಲ ಒರೆಸುವ ಬಕೆಟ್ಟಿಗೆ ತಾನೇ ನೀರು ತುಂಬಿಸಿ ತಂದ. ಅವಳು ಒಳಗೆ ತೆಳು ಕಾಗದ ತುರುಕಿ, ಬೂಟನ್ನು ಮುಳುಗಿಸಿ, ನಡೆಯುವಾಗ ಬಾಗುವ ಹಾಗೆ ಮುಂಗಾಲಿನ ಭಾಗವನ್ನು ಮತ್ತೆ ಮತ್ತೆ ಬಗ್ಗಿಸಿದಳು. ಇಬ್ಬರೂ ಬಕೆಟ್ಟಿನ ಎರಡು ಬದಿಗೆ ಕುಕ್ಕರುಗಾಲಿನಲ್ಲಿ ಕೂತರು. ಒಳಗೆ ಬಂದ ಗಿರಾಕಿಯೊಬ್ಬ ಇಣುಕಿ ನೋಡಿ ಹಾಗೇ ಹೊರಟುಹೋದ.

ಕಾಲು ಗಂಟೆಯ ನಂತರ ತೆಗೆದರೆ, ಹೊಳೆಯುವ ಬೂಟಿನ ಜಿಪ್ಪಿನ ಬುಡದಲ್ಲಿ ಕಾಗದ ಮುದ್ದೆಯಾಗಿತ್ತು. ಸಾದಾ ಬೂಟಿನೊಳಗಿನದು ಗರಿಗರಿ.

"ಹನ್ನೊಂದು ವರ್ಷದಿಂದ ಮಾರ್ತಿದ್ದೀನಿ," ಅಂಗಡಿಯವನು ಕಾಗದವನ್ನು ಬೆರಳಲ್ಲಿ ಉಜ್ಜುತ್ತಾ ಹೇಳಿದ, "ಒಂದು ಸಲವೂ ನೀರಿಗೆ ಹಾಕಿ ನೋಡಿಲ್ಲವಲ್ಲ!"

ಅವಳು ಆಗಲೂ ಬೂಟು ಕೊಳ್ಳಲಿಲ್ಲ. ಸಂಜೆ ಬರುತ್ತೇನೆ, ದಿನವೆಲ್ಲ ಓಡಾಡಿ ಕಾಲು ಊದಿಕೊಂಡಿರುತ್ತದೆ, ಆಗ ಹಿಡಿಸಿದರೆ ಯಾವಾಗಲೂ ಹಿಡಿಸುತ್ತದೆ ಎಂದಳು. ಸಂಜೆ ದಪ್ಪ ಕಾಲುಚೀಲ ತೊಟ್ಟು ಬಂದು, ಸಾದಾ ಬೂಟು ಹಾಕಿಕೊಂಡು, ಪಕ್ಕದ ಕಟ್ಟಡದ ಮೆಟ್ಟಿಲನ್ನು ನಾಲ್ಕು ಸಲ ಹತ್ತಿ ಇಳಿದಳು. ಬಲಪಾದ ಎಡಪಾದಕ್ಕಿಂತ ಕೂದಲೆಳೆಯಷ್ಟು ಉದ್ದ ಎಂಬುದು ಐವತ್ತೆರಡನೆಯ ವಯಸ್ಸಿನಲ್ಲಿ ಅವಳಿಗೆ ಗೊತ್ತಾಯಿತು. ಒಂದು ಅಳತೆ ದೊಡ್ಡದನ್ನು ತೆಗೆದುಕೊಂಡು ತನ್ನ ಬೈಕಿನ ಮೇಲೆ ಕೂತು ನೋಡಿದರೆ, ಬೂಟಿನ ದಪ್ಪನೆಯ ಮೂತಿ ಗೇರಿನ ಕಡ್ಡಿಯ ಕೆಳಗೆ ತೂರಲೊಲ್ಲದು.

"ಈಗ ಬೂಟು ಬದಲಾಯಿಸೋದೋ, ಬೈಕ್ ಬದಲಾಯಿಸೋದೋ?" ಅಂಗಡಿಯವನು ಕೇಳಿದ. ಅವನಿಗೂ ಈಗ ಹುಚ್ಚು ಹತ್ತಿತ್ತು. ಅವಳು ಸ್ಪ್ಯಾನರ್ ತೆಗೆದು ಕಡ್ಡಿಯನ್ನು ತುಸು ಮೇಲಕ್ಕೆ ತಿರುಗಿಸಿದಳು. ಕಾಲು ಸಲೀಸಾಗಿ ಒಳಹೋಯಿತು.

ಈ ವರ್ಷ ಮತ್ತೆ ಹೊರಟರು. ಗಂಡ ಮಾತ್ರ ತನ್ನ ಹಳೆಯ ಚಪ್ಪಲಿಯಲ್ಲೇ. ಮೂರು ದಿನ ಸುರಿವ ಮಳೆಯಲ್ಲೂ ಅವಳ ಕಾಲು ಬೆಚ್ಚಗಿತ್ತು. ನಾಲ್ಕನೆಯ ದಿನ ಎಡಗಾಲಿನಲ್ಲಿ ಪಚಪಚ ಎಂದಿತು. ಪೆಟ್ರೋಲ್ ಬಂಕಿನ ಚಾವಣಿಯಡಿ ನಿಲ್ಲಿಸಿ ಬೂಟು ಬಗ್ಗಿಸಿದರೆ ಒಂದು ಲೋಟದಷ್ಟು ನೀರು!

"ಮತ್ತೆ ವಾಪಸ್ಸಾ?" ಗಂಡ ಹೆದರುತ್ತಾ ಕೇಳಿದ.

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಬೂಟನ್ನು ತಿರುಗಿಸಿ ಮುರುಗಿಸಿ, ಒಳಗೆ ಬೆರಳಾಡಿಸಿ, ಕೊನೆಗೆ ತನ್ನ ಮೊಣಕಾಲನ್ನೇ ನೋಡಿಕೊಂಡಳು. ಬೆಳಿಗ್ಗೆ ಅವಸರದಲ್ಲಿ ಮಳೆಪ್ಯಾಂಟಿನ ಎಡಗಾಲನ್ನು ಬೂಟಿನ ಒಳಗೆ ಸಿಕ್ಕಿಸಿದ್ದಳು. ತೊಡೆಯ ಮೇಲೆ ಬಿದ್ದ ಮಳೆಯೆಲ್ಲ ಜಾರಿ ನೇರವಾಗಿ ಬೂಟಿಗೇ ಇಳಿದಿತ್ತು.

"ಅಯ್ಯೋ, ನಾನೇ ಕಾಲುವೆ ತೋಡಿಕೊಟ್ಟಿದ್ದೀನಲ್ರೀ!" ಎಂದು ಅವಳು ಬಿದ್ದು ಬಿದ್ದು ನಕ್ಕಳು.

ಪ್ಯಾಂಟನ್ನು ಬೂಟಿನ ಹೊರಗೆ ಇಳಿಬಿಟ್ಟಳು. ನೀರನ್ನು ಒಳಗೆ ಬಿಡದ ಬೂಟು ಒಳಗಿನ ನೀರನ್ನು ಹೊರಗೂ ಬಿಡುವುದಿಲ್ಲ ಎಂಬುದು ತಿಳಿಯಲು ಇನ್ನೊಂದು ದಿನ ಹಿಡಿಯಿತು. ಎಷ್ಟು ಪೇಪರ್ ತುರುಕಿದರೂ ಅದು ಒಣಗಲೊಲ್ಲದು. ಗಂಡನ ಚಪ್ಪಲಿ ಒಂದೇ ಗಂಟೆಯಲ್ಲಿ ಒಣಗಿತ್ತು; ಅದನ್ನು ಅವನು ಎರಡು ಊರು ದಾಟುವವರೆಗೂ ಹೇಳುತ್ತಲೇ ಇದ್ದ.

ಆರನೆಯ ದಿನ ಮಧ್ಯಾಹ್ನ ಕಣಿವೆ ಸಿಕ್ಕಿತು. ಮೋಡ ಸರಿದಿತ್ತು, ಬೂಟೂ ಕೊನೆಗೆ ಒಣಗಿತ್ತು. ಇಳಿಜಾರಿನ ಹುಲ್ಲಿನ ನಡುವೆ ಕಲ್ಲುಗಳ ಮೇಲೆ ಹಾರುತ್ತಾ ತೊರೆಯೊಂದು ಹರಿಯುತ್ತಿತ್ತು. ಅವಳು ಬೂಟು ಬಿಚ್ಚಿ ಬಂಡೆಯ ಮೇಲೆ ಕಾಲು ಚಾಚಿದಳು. ಗಂಡ ಅತ್ತಿತ್ತ ನೋಡಿದ. ಯಾರೂ ಇರಲಿಲ್ಲ. ಅವಳ ಬೂಟಿನಲ್ಲಿ ತನ್ನ ಸಣ್ಣ ಕಾಲು ತೂರಿಸಿ, ಕೈ ಚಾಚಿ ಸಮತೋಲ ಹಿಡಿಯುತ್ತಾ ತೊರೆಗೆ ಇಳಿದ.

"ತಣ್ಣಗಾಗ್ತಿದೆ ಕಣೇ, ಆದ್ರೆ ಒದ್ದೆ ಆಗ್ತಿಲ್ಲ!" ಎಂದು ಕೂಗಿದ. "ಹೊಲಿಗೆ ಪೂರ್ತಿ ನೀರಲ್ಲೇ ಇದೆ, ಆದ್ರೂ ಒಂದು ಹನಿ ಒಳಗೆ ಬಂದಿಲ್ಲ. ಆ ಹೊಲಿಗೆ ಇಲ್ಲದ ಚೀಲಾನ ಒಳಗೆ ಹೇಗೆ ಅಂಟಿಸಿರಬಹುದು?"

"ಸಾಕು, ಬನ್ರೀ ಮೇಲೆ."

"ತಾಳೇ, ಇನ್ನೊಂಚೂರು ಆಳಕ್ಕೆ ಹೋಗಿ ನೋಡ್ತೀನಿ," ಎಂದು ಅವನು ಮುಂದಿನ ಕಲ್ಲನ್ನು ಕಾಲಿನಿಂದಲೇ ತಡಕತೊಡಗಿದ.